ಕಣ್ಣ ಕೆಳಗಿನ ನೆರಳು

ಸ್ಟುಡಿಯೋದ ಕೌಂಟರಿನ ಕೆಳಗಿನ ಖಾನೆಯಲ್ಲಿ ಒಪ್ಪಿಗೆ ಪತ್ರಗಳ ಕಟ್ಟೊಂದು ಬಿದ್ದುಕೊಂಡು ಆರು ವರ್ಷವಾಗಿತ್ತು. ಯಾವುದೋ ಫೋಟೋಗ್ರಫಿ ಶಿಬಿರದಲ್ಲಿ ಪಾಠ ಹೇಳಲು ಬಂದವರು, ಯಾರ ಮುಖ ತೆಗೆದರೂ ಅವರ ಸಹಿ ತೆಗೆದುಕೊಳ್ಳಿ ಎಂದು ಮೇಜು ಕುಟ್ಟಿ ಹೇಳಿದ್ದರು. ಫೋಟೋಗ್ರಾಫರನಿಗೆ ಆ ಹೊತ್ತಿಗೆ ಅದು ಹೌದೆನ್ನಿಸಿ, ವಾಪಸು ಬಂದ ಮರುದಿನವೇ ನೂರು ಪ್ರತಿ ಮಾಡಿಸಿ ತಂದಿದ್ದ. ನೂರರಲ್ಲಿ ಒಂದಕ್ಕೂ ಸಹಿ ಬಿದ್ದಿರಲಿಲ್ಲ. ಕೌಂಟರಿನಲ್ಲಿ ಕೂರುವ ಅವನ ಅಕ್ಕ ಅವುಗಳ ಬೆನ್ನಿನ ಮೇಲೆ ಯಾರ ಪಾಸ್‌ಪೋರ್ಟ್ ಫೋಟೋ ಯಾವಾಗ ಕೊಡಬೇಕೆಂದು ಗೀಚಿಕೊಳ್ಳುತ್ತಿದ್ದಳು. ಫೋಟೋ ಕತ್ತರಿಸುವಾಗ ಬ್ಲೇಡಿನ ಕೆಳಗೆ ಹಾಸುತ್ತಿದ್ದಳು. ಕಾಫಿ ಲೋಟದ ಅಡಿಗೂ ಒಂದು.

“ಒಳ್ಳೇ ದಪ್ಪ ಕಾಗದ ಕಣೋ,” ಅನ್ನುತ್ತಿದ್ದಳು ಅಕ್ಕ. “ಜೀವಮಾನದಲ್ಲಿ ನೀನು ಬುದ್ಧಿ ಓಡಿಸಿ ಮಾಡಿದ ಕೆಲಸ ಇದೊಂದೇ.”

ಅವನು ಉತ್ತರ ಕೊಡುತ್ತಿರಲಿಲ್ಲ. ಉತ್ತರ ಕೊಡುವುದು ಅವನಿಗೆ ಮೊದಲಿನಿಂದಲೂ ಕಷ್ಟವೇ. ಸ್ಟುಡಿಯೋದಲ್ಲಿ ಬಿಳಿ ಪರದೆಯ ಮುಂದೆ ಕೂತವರಿಗೆ “ಗಲ್ಲ ಸ್ವಲ್ಪ ಮೇಲೆ” ಎನ್ನುವುದಕ್ಕಿಂತ ಹೆಚ್ಚು ಮಾತು ಅವನ ಬಾಯಿಂದ ಹೊರಡುತ್ತಿದ್ದುದು ಅಪರೂಪ. ಬಿಡುವಿದ್ದಾಗ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಬೀದಿ ಸುತ್ತುವುದು, ಕೆಲಸದಲ್ಲಿ ಮುಳುಗಿದವರ ಮುಖ ತೆಗೆಯುವುದು ಅವನ ನಿಜವಾದ ಆಸೆ. ಅದಕ್ಕೊಂದು ರೀತಿಯನ್ನು ತಾನೇ ಮಾಡಿಕೊಂಡಿದ್ದ. ಕ್ಯಾಮೆರಾವನ್ನು ಎದೆಯ ಮಟ್ಟಕ್ಕೆ ಎತ್ತಿ ಹಿಡಿಯುವುದು, ಹುಬ್ಬು ಮೇಲೇರಿಸಿ ಕಾಯುವುದು. ಎದುರಿನವರು ತಲೆಯಾಡಿಸಿದರೆ ತೆಗೆಯುವುದು, ಇಲ್ಲದಿದ್ದರೆ ಇಳಿಸಿ ಮುಂದೆ ನಡೆಯುವುದು. ಶಿಬಿರದಿಂದ ಬಂದ ಹೊಸತರಲ್ಲಿ ಒಂದೇ ಒಂದು ಸಲ, ಚಪ್ಪಲಿ ಹೊಲಿಯುವ ಮುದುಕನೊಬ್ಬನ ಮುಂದೆ ಆ ಪತ್ರ ಹಿಡಿದಿದ್ದ. ಅಷ್ಟು ಹೊತ್ತು ನಗುತ್ತಿದ್ದ ಮುದುಕನ ಮುಖ ಅಂಗಡಿಯ ಬಾಗಿಲು ಎಳೆದಂತೆ ಮುಚ್ಚಿಕೊಂಡಿತ್ತು. “ಕಾಗದ ಗೀಗದ ಬೇಡಪ್ಪ, ನಿನ್ನ ಫೋಟೋನೂ ಬೇಡ” ಎಂದುಬಿಟ್ಟಿದ್ದ. ಅಂದಿನಿಂದ ಫೋಟೋಗ್ರಾಫರ ಒಂದು ತೀರ್ಮಾನಕ್ಕೆ ಬಂದಿದ್ದ: ನಂಬಿ ಮುಖ ಕೊಟ್ಟವರ ಹತ್ತಿರ ಸಹಿ ಕೇಳುವುದೆಂದರೆ ಅವರನ್ನು ಅವಮಾನ ಮಾಡಿದಂತೆ. ಅದು ಮರ್ಯಾದೆಯೋ, ನಾಲ್ಕು ಮಾತಾಡಬೇಕಾದೀತೆಂಬ ಅಂಜಿಕೆಯೋ ಎಂದು ಅವನು ತನ್ನನ್ನು ತಾನು ಕೇಳಿಕೊಂಡಿರಲಿಲ್ಲ.

ಸ್ಟುಡಿಯೋದಿಂದ ನಾಲ್ಕು ಅಂಗಡಿ ಆಚೆ ಇಸ್ತ್ರಿ ಅಂಗಡಿ. ಒಂದು ಉದ್ದನೆಯ ಮೇಜು, ಗೋಡೆಗೆ ಒಂದು ಕಿಟಕಿ, ಕಿಟಕಿಯ ಸರಳಿಗೆ ತೂಗುಹಾಕಿದ ಕೋಟುಗಳು. ಅಲ್ಲಿ ಇಸ್ತ್ರಿ ಮಾಡುವವಳು ಅವನನ್ನು ಅಣ್ಣ ಎಂದೇ ಕರೆಯುತ್ತಿದ್ದಳು. ಅವನ ಅಂಗಿಗಳ ಕಾಲರು ಸವೆದಾಗ ಮೊದಲು ಹೇಳುತ್ತಿದ್ದವಳು ಅವಳೇ: “ಅಣ್ಣಾ, ಇದನ್ನ ಇನ್ನೂ ಹಾಕ್ಕೊಂಡ್ರೆ ಜನ ನಿಮ್ಮ ಫೋಟೋ ತೆಗೀತಾರೆ.”

ಅವಳ ಗಂಡ ಶಾಲೆಯ ವ್ಯಾನ್ ಓಡಿಸುತ್ತಿದ್ದ. ಒಂದು ಕಾಲದಲ್ಲಿ ವ್ಯಾನಿನ ಹಾರ್ನ್ ಕೆಟ್ಟುಹೋಗಿ ಅದು ರಿಪೇರಿಯಾಗುವವರೆಗೆ ಅವನು ಕಿಟಕಿಯಿಂದ ತಲೆ ಹೊರಗೆ ಹಾಕಿ ಬಾಯಲ್ಲೇ “ಪೀಪೀ” ಎಂದು ಕೂಗುತ್ತಿದ್ದನಂತೆ. ಹಾರ್ನ್ ಸರಿಯಾದರೂ ಮಕ್ಕಳು ಬಿಡಲಿಲ್ಲ. ಬಾಯಿ ಹಾರ್ನ್ ಕೇಳದೆ ಮೆಟ್ಟಿಲಿಳಿಯುವುದಿಲ್ಲವೆಂದು ಹಟ ಹಿಡಿದವು. ಹೀಗೆ ಅವನು ಪೀಪಿ ಮಾಮ ಆದ. ಹನ್ನೊಂದು ವರ್ಷ ಆ ಬೀದಿಗಳಿಗೆಲ್ಲ ಬೆಳಗಾಗುತ್ತಿದ್ದುದು ಅವನ ಗಂಟಲಿನಿಂದ.

ಅವಳ ಫೋಟೋ ತೆಗೆದದ್ದು ಒಂದು ಭಾನುವಾರದ ಬೆಳಿಗ್ಗೆ. ಅವಳು ಮೇಜಿನ ಮೇಲೆ ಬಾಗಿದ್ದಳು. ಒದ್ದೆ ಬಟ್ಟೆಯಿಂದ ಆವಿ ಏಳುತ್ತಿತ್ತು. ಕಿಟಕಿಗೆ ತೂಗಿದ್ದ ಕಪ್ಪು ಕೋಟಿನ ತೋಳಿನ ನೆರಳು ಅವಳ ಮುಖದ ಮೇಲೆ ಬಿದ್ದು, ಎಡಗಣ್ಣಿನ ಕೆಳಗೆ ಅರ್ಧಚಂದ್ರದಂತೆ ನಿಂತಿತ್ತು. ಬಾಗಿಲಲ್ಲಿ ನಿಂತಿದ್ದ ಫೋಟೋಗ್ರಾಫರ ಅದನ್ನು ನೋಡಿದ. ಕ್ಯಾಮೆರಾ ಎದೆಗೆತ್ತಿದ, ಹುಬ್ಬೇರಿಸಿದ. ಅವಳು ಓರೆಗಣ್ಣಲ್ಲಿ ನೋಡಿ ತಲೆಯಾಡಿಸಿದಳು. ಅವಳು ಪೆಟ್ಟಿಗೆ ಆಡಿಸುತ್ತಾ ಬಾಗಿ ಏಳುತ್ತಿದ್ದಂತೆ ಬಿಡದೆ ಆರು ಸಲ ಒತ್ತಿದ.

“ಚೆನ್ನಾಗಿ ಬಂದ್ರೆ ನನಗೂ ಒಂದು ಕೊಡಿ,” ಎಂದಳು. “ಚೆನ್ನಾಗಿಲ್ಲದಿದ್ರೆ ಇವರಿಗೆ ಕೊಡಿ, ಇವರೇ ಇಟ್ಕೊಳ್ಳಲಿ.”

ಇವರು ಎಂದರೆ ಮೂಲೆಯಲ್ಲಿ ಅಂಗಿ ಮಡಚುತ್ತಿದ್ದ ಪೀಪಿ ಮಾಮ. ತಮಾಷೆ ತನ್ನ ಮೇಲೆಯೇ ಎಂಬುದು ಅವನಿಗೆ ತುಸು ತಡವಾಗಿ ಹೊಳೆದು, ತಡವಾಗಿಯೇ ನಕ್ಕ.

ಆರರಲ್ಲಿ ಮೂರನೆಯದು ಚೆನ್ನಾಗಿ ಬಂದಿತ್ತು. ಕಂಪ್ಯೂಟರಿನಲ್ಲಿ ಕೂತು ಫೋಟೋಗ್ರಾಫರ ಆ ನೆರಳನ್ನು ಇನ್ನೊಂದಿಷ್ಟು ಕಪ್ಪು ಮಾಡಿದ. ಮುಖಕ್ಕೆ ಆಳ ಬಂತು. ಒಂದು ಪ್ರತಿ ಚೌಕಟ್ಟು ಹಾಕಿಸಿ ಅವಳಿಗೆ ಕೊಟ್ಟ. ಅದು ಇಸ್ತ್ರಿ ಮೇಜಿನ ಹಿಂದೆ ಮೊಳೆಗೆ ಏರಿತು. ಇನ್ನೊಂದನ್ನು ಚಿತ್ರಗಳನ್ನು ಮಾರುವ ಒಂದು ಜಾಲತಾಣಕ್ಕೆ ಕಳಿಸಿದ. ಚಿತ್ರದಲ್ಲಿರುವ ವ್ಯಕ್ತಿ ಸಹಿ ಮಾಡಿದ ಒಪ್ಪಿಗೆ ಪತ್ರ ನಿಮ್ಮ ಬಳಿ ಇದೆಯೇ ಎಂದು ಅದು ಕೇಳಿತು. ಅವನ ಬೆರಳು ಒಂದು ಕ್ಷಣ ತಡೆಯಿತು. ಅವಳು ತಲೆಯಾಡಿಸಿದ್ದು ಕಣ್ಣ ಮುಂದೆ ಬಂತು. ಇದೆ ಎಂಬಲ್ಲಿ ಗುರುತು ಹಾಕಿದ. ಎಲ್ಲ ಬಗೆಯ ಬಳಕೆಗೂ ಒಪ್ಪಿದ್ದಾರೆಯೇ ಎಂದು ಅದರ ಕೆಳಗಿತ್ತು. ಅಲ್ಲಿಯೂ ಹಾಕಿದ. ಅದನ್ನು ಅವನು ಸರಿಯಾಗಿ ಓದಲೂ ಇಲ್ಲ.

ಏಳು ತಿಂಗಳ ನಂತರ ಒಂದು ಮಧ್ಯಾಹ್ನ ಗಂಡ ಹೆಂಡತಿ ಇಬ್ಬರೂ ಸ್ಟುಡಿಯೋಕ್ಕೆ ಬಂದರು. ಇಬ್ಬರ ಮುಖದಲ್ಲೂ ನಗು, ಜೊತೆಗೆ ಏನೋ ಇರಿಸುಮುರಿಸು.

“ಅಣ್ಣಾ, ನಿಮ್ಮ ತಂಗಿ ಈಗ ದೊಡ್ಡ ಮನುಷ್ಯಳು,” ಎಂದ ಪೀಪಿ ಮಾಮ. “ಬಸ್ ಸ್ಟಾಪಲ್ಲಿ ನಿಂತಿದ್ದಾಳೆ. ಆಸ್ಪತ್ರೇಲೂ ಇದ್ದಾಳಂತೆ.”

ಮೊಬೈಲು ತೆಗೆದು ತೋರಿಸಿದ. ಪೋಸ್ಟರ್. ಅವಳ ಮುಖ, ಆವಿ, ಕಣ್ಣ ಕೆಳಗೆ ಕಪ್ಪು ಅರ್ಧಚಂದ್ರ. ಅದರ ಮೇಲೆ ದಪ್ಪ ಅಕ್ಷರದಲ್ಲಿ: ‘ಏನೂ ಆಗಿಲ್ಲ’ ಅಂತಾಳೆ. ನಂಬಬೇಡಿ. ಕೆಳಗೆ, ಗಂಡನ ಕೈಯಲ್ಲಿ ಏಟು ತಿನ್ನುವ ಹೆಂಗಸರು ಕರೆ ಮಾಡಬೇಕಾದ ನಂಬರು.

ಅಕ್ಕ ಕನ್ನಡಕ ಏರಿಸಿ ಓದಿ, ತಮ್ಮನ ಮುಖ ನೋಡಿದಳು.

“ನಾನು ಹೊಡೀತೀನಂತೆ!” ಪೀಪಿ ಮಾಮ ಎದೆ ತಟ್ಟಿಕೊಂಡ. “ಮನೇಲಿ ಸೊಳ್ಳೆ ಹೊಡೀಬೇಕಾದ್ರೂ ಇವಳನ್ನ ಕರೀತೀನಿ ನಾನು.”

“ಅದೂ ಒಂದೇ ಏಟಿಗೆ ಹೊಡೀತೀನಿ,” ಎಂದಳು ಅವಳು. “ನಿಜ ಹೇಳ್ಬೇಕಂದ್ರೆ ಫೋಟೋ ಇವರದ್ದು ಹಾಕ್ಬೇಕಿತ್ತು.”

ನಾಲ್ವರೂ ನಕ್ಕರು. ಮೊದಲು ನಗು ನಿಲ್ಲಿಸಿದ್ದು ಫೋಟೋಗ್ರಾಫರ. “ತೆಗೆಸ್ತೀನಿ. ನಾನು ತೆಗೆಸ್ತೀನಿ,” ಎಂದ.

“ಅಯ್ಯೋ ಬಿಡಿ ಅಣ್ಣಾ, ಗೊತ್ತಿರೋರಿಗೆ ಗೊತ್ತಿದೆಯಲ್ಲ,” ಎಂದು ಅವಳೇ ಸಮಾಧಾನ ಹೇಳಿ ಹೋದಳು.

ಗೊತ್ತಿರುವವರಿಗೆ ಗೊತ್ತಿರುವುದು ಹತ್ತು ದಿನವೂ ಬಾಳಲಿಲ್ಲ. ಮೊದಲು ಒಬ್ಬ ತಾಯಿ ತನ್ನ ಮಗಳನ್ನು ತಾನೇ ಶಾಲೆಗೆ ಬಿಡತೊಡಗಿದಳು. ಆಮೇಲೆ ಇನ್ನಿಬ್ಬರು. ಯಾರೂ ಏನೂ ಕೇಳಲಿಲ್ಲ; ಕೇಳಿದ್ದರೆ ಉತ್ತರವಾದರೂ ಕೊಡಬಹುದಿತ್ತು. ವ್ಯಾನಿನ ಬಾಗಿಲ ಬಳಿ ಬಂದ ತಾಯಂದಿರು ಪೀಪಿ ಮಾಮನ ಕೈಗಳನ್ನು ನೋಡಿ ಹೋಗುತ್ತಿದ್ದರು. ಕೊನೆಗೆ ಶಾಲೆಯಿಂದ ಕರೆ ಬಂತು: ಸ್ವಲ್ಪ ದಿನ ರಜೆಯಲ್ಲಿರಿ, ವಿಚಾರಿಸಿ ಹೇಳುತ್ತೇವೆ. ವ್ಯಾನಿನ ಬೀಗದ ಕೈ ಶಾಲೆಯ ಆಫೀಸಿನ ಗೋಡೆಗೆ ಸೇರಿತು.

ಫೋಟೋಗ್ರಾಫರ ಜಾಲತಾಣದವರಿಗೆ ಬರೆದ. ಮೂರು ಸಲ ಬರೆದ ಮೇಲೆ ಒಬ್ಬ ಹೆಂಗಸು ಫೋನ್ ಮಾಡಿದಳು. ದನಿಯಲ್ಲಿ ಸಿಟ್ಟಿರಲಿಲ್ಲ.

“ಸರ್, ಅವರು ಸಹಿ ಮಾಡಿದ ಪತ್ರ ಕಳಿಸಿ. ಅದರಲ್ಲಿ ಇಂಥದ್ದಕ್ಕೆ ಬಳಸಬಾರದು ಅಂತ ಒಂದು ಸಾಲಿದ್ರೂ ಸಾಕು, ಇವತ್ತೇ ಪೋಸ್ಟರ್ ಮಾಡಿಸಿದವರಿಗೆ ಹೇಳಿ ಎಲ್ಲಾ ಕಡೆಯಿಂದ ಕೀಳಿಸಬಹುದು. ನಮ್ಮ ಕರಾರೇ ಹಾಗಿದೆ.”

“ಪತ್ರ… ಇಲ್ಲ.”

“ಇದೆ ಅಂತ ಗುರುತು ಹಾಕಿದ್ದೀರಲ್ಲ?”

“ಅವರು ತಲೆಯಾಡಿಸಿದ್ರು.”

ಆ ಕಡೆ ಕೀಲಿಮಣೆಯ ಸದ್ದು ಕೇಳಿಸಿತು.

“ಹಾಗಾದ್ರೆ ನೀವು ಸುಳ್ಳು ಹೇಳಿದ್ದಿರಿ ಅಂತ ಬರೆದುಕೊಡಿ. ನಮ್ಮಲ್ಲಿಂದ ಚಿತ್ರ ತೆಗೀತೀವಿ. ಆದರೆ ಪೋಸ್ಟರಿನವರು ನಮ್ಮನ್ನ ನಂಬಿ ತಗೊಂಡು ಅಚ್ಚು ಹಾಕಿಸಿಬಿಟ್ಟಿದ್ದಾರೆ. ಅಂಟಿಸಿರೋದನ್ನ ಕೀಳಿ ಅಂತ ಈಗ ಕೇಳಿಕೊಳ್ಳಬಹುದು, ಅಷ್ಟೆ.”

ಬರೆದುಕೊಟ್ಟ. ಜಾಲತಾಣದಿಂದ ಚಿತ್ರ ಹೋಯಿತು. ಪೋಸ್ಟರ್ ಮಾಡಿಸಿದ ಸಂಸ್ಥೆಯವರು ವಿನಯದಿಂದಲೇ ಉತ್ತರ ಬರೆದರು: ಇನ್ನು ಮುಂದೆ ಹೊಸದಾಗಿ ಅಂಟಿಸುವುದಿಲ್ಲ, ಅಂಟಿಸಿದ್ದನ್ನೆಲ್ಲ ಹುಡುಕಿ ಕೀಳಲು ನಮ್ಮಲ್ಲಿ ಜನರಿಲ್ಲ. ಜೊತೆಗೆ ಇನ್ನೊಂದು ಸಾಲು ಇತ್ತು. ಆ ಪೋಸ್ಟರ್ ನೋಡಿ ಈವರೆಗೆ ನಲವತ್ತು ಹೆಂಗಸರು ಕರೆ ಮಾಡಿದ್ದಾರಂತೆ. ಫೋಟೋಗ್ರಾಫರ ಆ ಸಾಲನ್ನು ಮತ್ತೆ ಮತ್ತೆ ಓದಿದ. ಯಾರ ಮೇಲಾದರೂ ಸಿಟ್ಟು ಮಾಡಿಕೊಳ್ಳಬೇಕೆಂದರೆ ಯಾರೂ ಸಿಗಲಿಲ್ಲ.

ತಾನೇ ಕೀಳಲು ಹೊರಟ. ಬಸ್ ಸ್ಟಾಪಿನಲ್ಲಿ ಅಂಟು ಗಟ್ಟಿಯಾಗಿತ್ತು. ಉಗುರಿನಿಂದ ಕೆರೆದರೆ ಗಲ್ಲದ ಒಂದು ಚೂರು ಬಂತು, ಕಣ್ಣು ಬರಲಿಲ್ಲ. ಬಸ್ಸಿಗೆ ಕಾಯುತ್ತಿದ್ದ ಹೆಂಗಸೊಬ್ಬಳು ಚೀಲ ಕೆಳಗಿಟ್ಟು ಎದುರಿಗೆ ಬಂದಳು.

“ಯಾಕ್ರೀ ಕೀಳ್ತಿದ್ದೀರಾ?”

“ಅದು… ಅದು ನಿಜ ಅಲ್ಲ.”

“ಓಹೋ. ನಿಮ್ಮನೇಲೂ ಹೀಗೇನಾ? ಚುಚ್ಚುತ್ತಾ ನೋಡೋಕೆ?”

ಸುತ್ತ ನಾಲ್ಕು ಮುಖಗಳು ತಿರುಗಿದವು. ಉಗುರಿನ ಸಂದಿಯ ಕಾಗದವನ್ನು ಪ್ಯಾಂಟಿಗೆ ಒರೆಸಿಕೊಂಡು ಅಲ್ಲಿಂದ ನಡೆದ. ಮುಖದ ಉಳಿದ ಭಾಗ ಗೋಡೆಯ ಮೇಲೆಯೇ ಇತ್ತು, ಈಗ ಗಲ್ಲಕ್ಕೂ ಗಾಯವಾಗಿ.

ಆ ಸಂಜೆ ಅವನಿಗೆ ಉಳಿದ ಐದು ಚಿತ್ರಗಳ ನೆನಪಾಯಿತು. ತೆರೆದು ನೋಡಿದ. ಎದೆ ಹಗುರಾಯಿತು. ಮೊದಲನೆಯದರಲ್ಲಿ ನೆರಳು ಹಣೆಯ ಮೇಲಿತ್ತು, ಎರಡನೆಯದರಲ್ಲಿ ಹುಬ್ಬಿನ ಮೇಲೆ, ನಾಲ್ಕನೆಯದರಲ್ಲಿ ಕೆನ್ನೆಗಿಳಿದಿತ್ತು, ಆರನೆಯದರಲ್ಲಿ ಕತ್ತಿಗೆ. ಗಾಯ ಎಲ್ಲಾದರೂ ಮುಖದ ಮೇಲೆ ನಡೆದಾಡುತ್ತದೆಯೇ? ಆರನ್ನೂ ದೊಡ್ಡದಾಗಿ ಅಚ್ಚು ಹಾಕಿದ. ಅಕ್ಕ ಒಂದೊಂದನ್ನೂ ಕೌಂಟರಿನ ಮೇಲೆ ಸಾಲಾಗಿ ಜೋಡಿಸಿ, “ಇದನ್ನ ನೋಡಿದ ಮೇಲೂ ಒಪ್ಪದವರು ಕುರುಡರು,” ಎಂದಳು.

ಮರುದಿನ ಗಂಡ, ಹೆಂಡತಿ, ಫೋಟೋಗ್ರಾಫರ ಮೂವರೂ ಶಾಲೆಯ ಹೆಡ್‌ಮೇಡಂ ಕೋಣೆಯಲ್ಲಿ ಕೂತರು. ಪೀಪಿ ಮಾಮ ಇಸ್ತ್ರಿ ಮಾಡಿದ ಅಂಗಿಯ ಗುಂಡಿಗಳನ್ನು ಕತ್ತಿನವರೆಗೆ ಹಾಕಿಕೊಂಡು, ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ತೊಡೆಯ ಕೆಳಗೆ ಇಟ್ಟುಕೊಂಡಿದ್ದ. ಹೆಡ್‌ಮೇಡಂ ಕೆಟ್ಟವರಲ್ಲ. ಹನ್ನೊಂದು ವರ್ಷ ಅವನ ವ್ಯಾನಿನ ಸದ್ದು ಕೇಳಿಯೇ ಗಡಿಯಾರ ಸರಿ ಮಾಡಿಕೊಂಡವರು. ಆರು ಚಿತ್ರಗಳನ್ನೂ ಒಂದೊಂದಾಗಿ ನೋಡಿದರು. ಮೂರನೆಯದರ ಮೇಲೆ ಬೆರಳಿಟ್ಟರು.

“ಇದರಲ್ಲಿ ಮಾತ್ರ ಇಷ್ಟು ಕಪ್ಪಗಿದೆಯಲ್ಲ?”

“ಅದನ್ನ… ಸ್ವಲ್ಪ ಕಪ್ಪು ಮಾಡಿದ್ದೆ. ಚೆನ್ನಾಗಿ ಕಾಣಲಿ ಅಂತ.”

“ಕಂಪ್ಯೂಟರಲ್ಲಿ?”

“ಹೌದು.”

“ಹಾಗಾದರೆ ಉಳಿದ ಐದರಲ್ಲಿ ಅಳಿಸೋದಕ್ಕೂ ಆಗುತ್ತೆ ಅಲ್ವಾ?”

ಆಗುತ್ತದೆ. ಸ್ಟುಡಿಯೋದಲ್ಲಿ ದಿನಾ ಮೊಡವೆ ಅಳಿಸುವುದೇ ಅವನ ಕೆಲಸ.

“ನಾನು ನಂಬಬಹುದು,” ಎಂದರು ಹೆಡ್‌ಮೇಡಂ. “ಆದರೆ ತಾಯಂದಿರು ಕೇಳ್ತಾರೆ. ಆ ಪೋಸ್ಟರ್‌ನವರಿಗೆ ಒಬ್ಬರು ಫೋನ್ ಮಾಡಿಯೂ ಕೇಳಿದ್ದಾರೆ. ಫೋಟೋ ತೆಗೆದವರು ಮೊದಲು ಸಹಿ ಇದೆ ಅಂದಿದ್ರು, ಈಗ ಇಲ್ಲ ಅಂತಿದ್ದಾರೆ ಅಂದ್ರಂತೆ. ಮೊದಲು ಹೇಳಿದ್ದು ಸುಳ್ಳು, ಈಗ ಹೇಳ್ತಿರೋದು ನಿಜ ಅಂತ ನಾನು ಅವರಿಗೆ ಹೇಗೆ ಹೇಳಲಿ? ಅವತ್ತೇ ಒಂದು ಪತ್ರ ಮಾಡಿದ್ದಿದ್ರೆ, ಈ ಫೋಟೋ ಇಂಥ ದಿನ, ಇಸ್ತ್ರಿ ಅಂಗಡೀಲಿ, ಸುಮ್ಮನೆ ತೆಗೆದದ್ದು ಅಂತ, ಇವರ ಸಹಿ ಇದ್ದಿದ್ರೆ, ಅದನ್ನೇ ಮುಂದಿಡ್ತಿದ್ದೆ.”

“ನಾನು ಈಗ ಸಹಿ ಮಾಡ್ತೀನಿ ಮೇಡಂ,” ಎಂದಳು ಇಸ್ತ್ರಿಯವಳು. “ಎಲ್ಲಿ ಬೇಕೋ ಅಲ್ಲಿ ಮಾಡ್ತೀನಿ. ನಮ್ಮನೆಯವರು ಕೈಯೆತ್ತಿದವರೇ ಅಲ್ಲ. ನನಗೆ ಏನೂ ಆಗಿಲ್ಲ.”

ಮಾತು ಬಾಯಿಂದ ಬಿದ್ದ ಮೇಲೆ ಅವಳಿಗೇ ಕೇಳಿಸಿತು. ಕೋಣೆಯ ಹೊರಗೆ, ನೋಟಿಸು ಹಲಗೆಯ ಮೇಲೆ, ಗಾಜಿನ ಹಿಂದೆ ಅದೇ ಪೋಸ್ಟರ್ ಇತ್ತು; ಅದನ್ನು ತೆಗೆದರೆ ಶಾಲೆ ವಿಷಯ ಮುಚ್ಚಿಹಾಕುತ್ತಿದೆ ಎಂದಾಗುತ್ತದೆಂದು ಯಾರೋ ಹೇಳಿದ್ದರಂತೆ. ಏನೂ ಆಗಿಲ್ಲ ಅಂತಾಳೆ. ಅವಳು ಬಾಯಿಗೆ ಕೈ ಅಡ್ಡ ಹಿಡಿದಳು.

ಹೆಡ್‌ಮೇಡಂ ಕುರ್ಚಿಯಿಂದ ಎದ್ದು ಬಂದು ಅವಳ ಹೆಗಲ ಮೇಲೆ ಕೈಯಿಟ್ಟರು. “ನೋಡಮ್ಮಾ,” ಎಂದರು ತಗ್ಗಿದ ದನಿಯಲ್ಲಿ, “ಯಾವತ್ತಾದರೂ ನನ್ನ ಹತ್ತಿರ ಒಬ್ಬಳೇ ಮಾತಾಡಬೇಕು ಅನ್ನಿಸಿದರೆ ಬಾ.”

ಆಗ ಪೀಪಿ ಮಾಮ ಎದ್ದು ನಿಂತ. ಏನೋ ಹೇಳಲು ಬಾಯಿ ತೆರೆದ. ದನಿ ಸ್ವಲ್ಪ ಮೇಲೇರಿತು ಅಷ್ಟೆ, “ಮೇಡಂ, ನಾನು…” ಎಂದು. ಹೆಡ್‌ಮೇಡಂ ಅವರ ಕೈ ಅವಳ ಹೆಗಲನ್ನು ಇನ್ನಷ್ಟು ಬಿಗಿಯಾಗಿ ಹಿಡಿಯಿತು. ಅದನ್ನು ಅವನು ನೋಡಿದ. ಕೂತುಕೊಂಡ. ಕೈಗಳನ್ನು ಮತ್ತೆ ತೊಡೆಯ ಕೆಳಗೆ ಇಟ್ಟುಕೊಂಡ.

ವ್ಯಾನಿಗೆ ಬೇರೆಯವನು ಬಂದ. ಅವನು ಹಾರ್ನ್ ಒತ್ತುತ್ತಾನೆ.

ಫೋಟೋಗ್ರಾಫರ ಈಗ ಬೀದಿಗೆ ಕ್ಯಾಮೆರಾ ಒಯ್ಯುವುದನ್ನು ನಿಲ್ಲಿಸಿದ್ದಾನೆ. ಸ್ಟುಡಿಯೋಕ್ಕೆ ಬರುವವರಿಗೆ, ಗೋಡೆಗೆ ಹಾಕುವ ಒಂದು ಚಿತ್ರವಾದರೂ ಸರಿ, ಪತ್ರ ಮುಂದಿಡುತ್ತಾನೆ. ಯಾವುದಕ್ಕೆ ಬಳಸಬಹುದು, ಯಾವುದಕ್ಕೆ ಬಳಸಬಾರದು ಎಂಬ ಎರಡು ಖಾಲಿ ಸಾಲುಗಳನ್ನು ಬೆರಳಿಟ್ಟು ತೋರಿಸಿ, ತಡವರಿಸಿ, ಬಿಡಿಸಿ ಹೇಳುತ್ತಾನೆ. ಅವನು ಅಂಜಿದ್ದಂತೆ ಯಾರ ಮುಖವೂ ಮುಚ್ಚಿಕೊಳ್ಳುವುದಿಲ್ಲ. ಎರಡು ನಿಮಿಷದ ಮಾತು. ಕೆಲವರು ಕೇಳಿ, ಯೋಚಿಸಿ, ಬೇಡದ್ದನ್ನು ಬರೆಯುತ್ತಾರೆ. ಇಷ್ಟೇನಾ ಎನ್ನಿಸುತ್ತದೆ ಅವನಿಗೆ. ಇಷ್ಟನ್ನು ಮಾಡಲು ಆಗಲಿಲ್ಲವೇ ತನ್ನಿಂದ? ಚಪ್ಪಲಿ ಹೊಲಿಯುವ ಆ ಮುದುಕ ಕೂಡ ಬೇಡ ಎಂದದ್ದು ಅವಮಾನವಾಗಿ ಅಲ್ಲ. ಅವನಿಗೆ ಬೇಡವಾಗಿತ್ತು, ಅಷ್ಟೆ. ಕೇಳಿದ್ದರಿಂದ ಅದನ್ನು ಹೇಳಲು ಅವನಿಗೊಂದು ಅವಕಾಶ ಸಿಕ್ಕಿತ್ತು.

ಅಕ್ಕ ಪತ್ರಗಳ ಬೆನ್ನಿನ ಮೇಲೆ ಗೀಚುವುದನ್ನು ಬಿಟ್ಟಿದ್ದಾಳೆ. ಕಾಫಿ ಲೋಟಕ್ಕೆ ಹಳೆಯ ಕ್ಯಾಲೆಂಡರ್ ಹಾಳೆ ಬಂದಿದೆ. ಆ ಬಗ್ಗೆ ಒಮ್ಮೆಯೂ ಆಡಿ ತೋರಿಸಿಲ್ಲ. ಆಡಿದ್ದರೆ ಅವನಿಗೆ ಸ್ವಲ್ಪ ಹಿತವೆನಿಸುತ್ತಿತ್ತೇನೋ.

ಮೊನ್ನೆ ಅಂಗಿಗಳ ಗಂಟು ಹಿಡಿದು ಇಸ್ತ್ರಿ ಅಂಗಡಿಗೆ ಹೋದ. ಕಿಟಕಿಗೆ ಅಡ್ಡವಾಗಿ ಹಳೆಯ ಬೆಡ್‌ಶೀಟ್ ಕಟ್ಟಿದ್ದರು. ಹಗಲಲ್ಲೂ ಬಲ್ಬು ಉರಿಯುತ್ತಿತ್ತು. ಮೇಜಿನ ಹಿಂದಿನ ಮೊಳೆ ಖಾಲಿ ಇತ್ತು. ಪೀಪಿ ಮಾಮ ಮೂಲೆಯಲ್ಲಿ ಕೂತು ಅಂಗಿ ಮಡಚುತ್ತಿದ್ದ. ಈಗ ಅದೇ ಅವನ ಪೂರ್ತಿ ಕೆಲಸ. ಹೆಂಡತಿಗೆ ಏನಾದರೂ ಹೇಳಬೇಕಾದರೆ ಎದ್ದು ಹತ್ತಿರ ಬಂದು ಪಿಸುಮಾತಿನಲ್ಲಿ ಹೇಳುತ್ತಿದ್ದ. ಅಂಗಡಿಯ ಮುಂದೆ ಜನ ಓಡಾಡುವಾಗ ಅವನು ದನಿ ಎತ್ತುವುದಿಲ್ಲ.

“ಬನ್ನಿ ಅಣ್ಣಾ,” ಎಂದಳು ಅವಳು. ಅಣ್ಣಾ ಎನ್ನುವುದನ್ನು ಅವಳು ಬಿಟ್ಟಿರಲಿಲ್ಲ. ಬಿಟ್ಟಿದ್ದರೆ ಚೆನ್ನಾಗಿತ್ತು.

ಅಷ್ಟರಲ್ಲಿ ಸೀರೆ ಪಡೆಯಲು ಗಿರಾಕಿಯೊಬ್ಬರು ಬಂದರು, ಆ ಬೀದಿಯವರೇ, ವಯಸ್ಸಾದವರು. ಅವಳು ಸೀರೆ ಚಾಚಿದಾಗ ರವಿಕೆಯ ಉದ್ದ ತೋಳು ಹಿಂದೆ ಸರಿಯಿತು. ಮಣಿಕಟ್ಟಿನ ಮೇಲೆ ಕೆಂಪಗೆ ಒಂದು ಹೊಸ ಗಾಯ. ಬಿಸಿ ಪೆಟ್ಟಿಗೆಯ ಅಂಚಿನಷ್ಟೇ ಉದ್ದ, ಅಷ್ಟೇ ನೇರ. ಆ ಕೆಲಸದಲ್ಲಿ ಎಲ್ಲರ ಕೈಯಲ್ಲೂ ಇರುವಂಥದ್ದು. ಅವಳು ಗಾಬರಿಯಿಂದ ತೋಳು ಎಳೆದುಕೊಂಡಳು.

ಗಿರಾಕಿ ಗಾಯವನ್ನು ನೋಡಿದರು. ಮೂಲೆಯಲ್ಲಿ ತಲೆ ತಗ್ಗಿಸಿ ಕೂತವನನ್ನು ನೋಡಿದರು.

“ಇಸ್ತ್ರಿ ಪೆಟ್ಟಿಗೆ ತಾಗ್ತು,” ಎಂದಳು ಅವಳು. “ನಿನ್ನೆ. ನಾನೇ ನೋಡ್ಕೊಳ್ಳಲಿಲ್ಲ.”

“ಅದು ಪೆಟ್ಟಿಗೇದೇ,” ಎಂದ ಫೋಟೋಗ್ರಾಫರ. ಅವನ ದನಿ ಅವನಿಗೇ ಅಪರಿಚಿತವಾಗಿ ಕೇಳಿಸಿತು. “ನಿಜವಾಗ್ಲೂ.”

ಗಿರಾಕಿ ಅವನತ್ತ ತಿರುಗಲಿಲ್ಲ. ಸೀರೆಯನ್ನು ಎದೆಗವಚಿಕೊಂಡು, ಇಸ್ತ್ರಿಯವಳ ಕೈಯನ್ನು ಒಮ್ಮೆ ಮೆಲ್ಲಗೆ ಸವರಿ, ನನಗೆ ಗೊತ್ತಮ್ಮಾ ಎನ್ನುವಂತೆ ತಲೆಯಾಡಿಸಿದರು.